ವಿಂಡೋಸ್ ಹೊಸದಾಯ್ತು, ಟ್ಯಾಲಿ ಯಾಕೆ ಬಾಗಿಲು ಹಾಕ್ತು?

(ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದಲು ಅನುಕೂಲವಾಗಲೆಂದು ಅಲ್ಲಲ್ಲಿ ಮಾತನ್ನು ಸ್ವಲ್ಪ ತಿದ್ದಲಾಗಿದೆ.)

ಇವತ್ತು ಮೊಬೈಲ್ ವಿಷಯ ಅಲ್ಲ. ಅಪ್ಪನ ಅಂಗಡಿಯಲ್ಲೋ, ಚಿಕ್ಕಪ್ಪನ ಡಿಟಿಪಿ ಸೆಂಟರ್‌ನಲ್ಲೋ, ಮನೆಯ ಮೂಲೆಯಲ್ಲೋ ಬಟ್ಟೆ ಹೊದ್ದುಕೊಂಡು ಕೂತಿರುವ ಹಳೆ ಕಂಪ್ಯೂಟರ್ ವಿಷಯ. ನೀವು ಅದನ್ನ ಮುಟ್ಟಿ ವರ್ಷ ಆಗಿರಬಹುದು. ಆದರೆ ಅದು ಕೈಕೊಟ್ಟ ದಿನ ಮನೆಯವರು ಮೊದಲು ಕರೆಯೋದು ನಿಮ್ಮನ್ನೇ. "ನೀ ದಿನಾ ಮೊಬೈಲ್ ಹಿಡ್ಕೊಂಡೇ ಇರ್ತೀಯಲ್ಲ, ಇದನ್ನೊಂದು ಸ್ವಲ್ಪ ನೋಡು" ಅಂತ.

ಈಗ ಈ ಮಾತು ಜಾಸ್ತಿ ಕೇಳಿಸ್ತಿರೋದಕ್ಕೆ ಕಾರಣ ಇದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡ್ತಿದ್ದ ಉಚಿತ ಬೆಂಬಲ ಮುಗೀತು. ಅದೇ ದಿನ ಆಫೀಸ್ 2016 ಮತ್ತು 2019ರ ಬೆಂಬಲವೂ ಮುಗೀತು. ಇನ್ನು ವಿಂಡೋಸ್ 7ರಲ್ಲೇ ಉಳಿದವರ ಬೆಂಬಲ 2020ರ ಜನವರಿ 14ಕ್ಕೇ ಮುಗಿದಿತ್ತು. ಹಾಗಾಗಿ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಕಡೆ ಕಂಪ್ಯೂಟರ್ ರಿಪೇರಿ ಅಂಗಡಿಗೆ ಹೋದರೆ "ಅಪ್‌ಗ್ರೇಡ್ ಮಾಡಿಬಿಡ್ರಿ" ಅನ್ನೋ ಮಾತು ಬಂದೇ ಬರುತ್ತದೆ. ಅಪ್‌ಗ್ರೇಡ್ ಏನೋ ಒಂದೆರಡು ತಾಸಿನಲ್ಲಿ ಆಗುತ್ತದೆ. ತಲೆನೋವು ಶುರುವಾಗೋದು ಮರುದಿನ. ಪರದೆಯ ಬಲಗಡೆ ಕೆಳಗೆ ಮಸುಕಾಗಿ "ಆಕ್ಟಿವೇಟ್ ವಿಂಡೋಸ್" ಅಂತ ಬರುತ್ತದೆ. ಟ್ಯಾಲಿ ತೆಗೆದರೆ ಅದು ಎಜುಕೇಶನಲ್ ಮೋಡ್‌ನಲ್ಲಿ ಕೂತಿರುತ್ತದೆ. ವರ್ಡ್ ತೆಗೆದರೆ ಯಾವುದೋ ಈಮೇಲ್ ಕೇಳುತ್ತದೆ. ಈ ಮೂರೂ ಬೇರೆ ಬೇರೆ ಬೀಗ, ಬೇರೆ ಬೇರೆ ಕೀಲಿಕೈ. ಒಂದನ್ನ ತೆಗೆದ ಮಾತ್ರಕ್ಕೆ ಇನ್ನೊಂದು ತೆಗೆಯೋದಿಲ್ಲ. ಇವತ್ತು ಇದನ್ನೇ ಬಿಡಿಸಿ ನೋಡೋಣ.

ಮೊದಲು, ಆಕ್ಟಿವೇಶನ್ ಅಂದರೆ ಏನು? ಮೊಬೈಲ್ ಲೆಕ್ಕದಲ್ಲೇ ಹೇಳ್ತೀನಿ. ಸೆಕೆಂಡ್ ಹ್ಯಾಂಡ್ ಫೋನ್ ತಗೊಂಡು ರೀಸೆಟ್ ಮಾಡಿದಾಗ ಹಳೆ ಮಾಲೀಕನ ಗೂಗಲ್ ಅಕೌಂಟ್ ಕೇಳುತ್ತಲ್ಲ, ಆ ಲಾಕ್ ನಿಮಗೆ ಗೊತ್ತು. ಫೋನಿನ ಒಳಗೆ ಏನೇ ಅಳಿಸಿದರೂ "ಈ ಫೋನ್ ಇಂಥವರದು" ಅಂತ ಗೂಗಲ್‌ನ ಸರ್ವರ್‌ನಲ್ಲಿ ಬರೆದಿಟ್ಟಿರುತ್ತದೆ. ವಿಂಡೋಸ್ ಆಕ್ಟಿವೇಶನ್ ಕೂಡ ಹೆಚ್ಚುಕಡಿಮೆ ಅದೇ ಜಾತಿ. ನಿಮ್ಮ ಕಂಪ್ಯೂಟರಿನ ಬಿಡಿಭಾಗಗಳನ್ನೆಲ್ಲ ನೋಡಿ, ಮುಖ್ಯವಾಗಿ ಮದರ್‌ಬೋರ್ಡ್ ನೋಡಿ, ಒಂದು ಗುರುತಿನ ಸಂಖ್ಯೆ ತಯಾರಾಗುತ್ತದೆ. ಆ ಸಂಖ್ಯೆ ಮೈಕ್ರೋಸಾಫ್ಟ್ ಸರ್ವರ್‌ಗೆ ಹೋಗುತ್ತದೆ. "ಈ ಯಂತ್ರಕ್ಕೆ ಲೈಸೆನ್ಸ್ ಇದೆ" ಅಂತ ಅಲ್ಲಿ ನಮೂದಾಗಿದ್ದರೆ ಸರಿ, ಇಲ್ಲದಿದ್ದರೆ ಇಲ್ಲ. ಜನಸಾಮಾನ್ಯರ ವಿಂಡೋಸ್‌ಗೆ ಈ ಪದ್ಧತಿ ಬಂದದ್ದು 2001ರ ಎಕ್ಸ್‌ಪಿ ಜೊತೆ. ಅದಕ್ಕೂ ಮೊದಲು ಒಂದೇ ಸಿಡಿ, ಒಂದೇ ಕೀ ಇಡೀ ಓಣಿಗೆ ಸಾಕಾಗುತ್ತಿತ್ತು.

ಈಗ ಕೇಳಬೇಕಾದ ಪ್ರಶ್ನೆ: ನಿಮ್ಮ ಯಂತ್ರದ ಲೈಸೆನ್ಸ್ ಯಾವ ಥರದ್ದು? ಅಂಗಡಿಯವರಿಗೆ ಕೇಳಿದರೆ "ಒರಿಜಿನಲ್ ಐತ್ರಿ" ಅಂತಾರೆ. ಅದು ಉತ್ತರ ಅಲ್ಲ. ಒರಿಜಿನಲ್‌ನಲ್ಲೂ ಮೂರು ಥರ ಇವೆ.

ಒಂದು, ಕಂಪ್ಯೂಟರ್ ಜೊತೆಗೇ ಬಂದದ್ದು. ಬ್ರ್ಯಾಂಡೆಡ್ ಲ್ಯಾಪ್‌ಟಾಪ್ ತಗೊಂಡರೆ ಇದೇ ಇರುತ್ತದೆ. ಇದನ್ನ ಓಇಎಂ ಅಂತಾರೆ. ವಿಂಡೋಸ್ 7ರ ಕಾಲದಲ್ಲಿ ಇದರ ಕೀ ಲ್ಯಾಪ್‌ಟಾಪಿನ ಹೊಟ್ಟೆಗೆ ಅಂಟಿಸಿದ ಸ್ಟಿಕ್ಕರ್ ಮೇಲೆ ಇರುತ್ತಿತ್ತು. ಐದೈದು ಅಕ್ಷರದ ಐದು ಗುಂಪು, ಒಟ್ಟು 25. ಬೆವರಿಗೆ, ತಿಕ್ಕಾಟಕ್ಕೆ ಆ ಸ್ಟಿಕ್ಕರ್ ಅಳಿಸಿ ಹೋಗಿರುತ್ತದೆ. 2012ರಲ್ಲಿ ವಿಂಡೋಸ್ 8 ಬಂದ ಮೇಲೆ ಕೀಯನ್ನ ಮದರ್‌ಬೋರ್ಡಿನ ಚಿಪ್‌ನೊಳಗೇ ಬರೆದಿಡಲು ಶುರು ಮಾಡಿದರು. ಹಾರ್ಡ್ ಡಿಸ್ಕ್ ಬದಲಿಸಿದರೂ ಅದು ಹೋಗೋದಿಲ್ಲ. ಆದರೆ ಮದರ್‌ಬೋರ್ಡೇ ಸುಟ್ಟರೆ ಲೈಸೆನ್ಸೂ ಅದರ ಜೊತೆಗೇ ಹೋಯ್ತು ಅಂತ ತಿಳ್ಕೊಳ್ಳಿ.

ಎರಡು, ಬಿಡಿಯಾಗಿ ಡಬ್ಬಿಯಲ್ಲೋ ಆನ್‌ಲೈನ್‌ನಲ್ಲೋ ದುಡ್ಡು ಕೊಟ್ಟು ತಗೊಂಡದ್ದು. ಇದು ರೀಟೇಲ್. ಹಳೆ ಯಂತ್ರದಿಂದ ತೆಗೆದು ಹೊಸದಕ್ಕೆ ಒಯ್ಯಬಹುದು. ಮೂರು, ದೊಡ್ಡ ಕಂಪನಿ, ಕಾಲೇಜುಗಳಿಗೆ ಸಗಟಾಗಿ ಕೊಡುವ ವಾಲ್ಯೂಮ್ ಲೈಸೆನ್ಸ್. ಇದು ನಿಮ್ಮ ಮನೆಯ ಕಂಪ್ಯೂಟರಿನಲ್ಲಿ ಇರುವುದಕ್ಕೆ ನ್ಯಾಯವಾದ ಕಾರಣ ಸಾಮಾನ್ಯವಾಗಿ ಇರೋದಿಲ್ಲ. ಆದರೂ ಇರುತ್ತದೆ. ಯಾಕೆ ಅನ್ನೋದಕ್ಕೆ ಆಮೇಲೆ ಬರ್ತೀನಿ.

ನಿಮ್ಮದು ಯಾವುದು ಅಂತ ನೀವೇ ನೋಡಬಹುದು. ಕೀಬೋರ್ಡ್‌ನಲ್ಲಿ ವಿಂಡೋಸ್ ಬಟನ್ ಮತ್ತು ಆರ್ ಒಟ್ಟಿಗೆ ಒತ್ತಿ. ಒಂದು ಸಣ್ಣ ಡಬ್ಬಿ ತೆರೆಯುತ್ತದೆ. ಅದರಲ್ಲಿ ಇಂಗ್ಲಿಷ್ ಸಣ್ಣಕ್ಷರದಲ್ಲಿ ಎಸ್, ಎಲ್, ಎಂ, ಜಿ, ಆರ್, ಒಂದು ಸ್ಪೇಸ್, ಮುಂದಕ್ಕೆ ವಾಲಿದ ಸ್ಲ್ಯಾಶ್, ಆಮೇಲೆ ಡಿ, ಎಲ್, ಐ. ಎಂಟರ್. ಒಂದೆರಡು ಸೆಕೆಂಡಿಗೆ ಒಂದು ಕಿಟಕಿ ಬರುತ್ತದೆ. ಅದರಲ್ಲಿ ಓಇಎಂ ಅಂತ ಇದೆಯೋ, ರೀಟೇಲ್ ಅಂತ ಇದೆಯೋ, ವಾಲ್ಯೂಮ್ ಅಂತ ಇದೆಯೋ ಕಾಣುತ್ತದೆ. ಕೊನೆಯ ಮೂರಕ್ಷರದ ಬದಲು ಎಕ್ಸ್, ಪಿ, ಆರ್ ಹಾಕಿದರೆ ಆಕ್ಟಿವೇಶನ್ ಶಾಶ್ವತವೋ, ಇಂಥ ತಾರೀಖಿನವರೆಗೆ ಮಾತ್ರವೋ ಅಂತ ಹೇಳುತ್ತದೆ. ಅಪ್‌ಗ್ರೇಡ್‌ಗೆ ಕೊಡೋ ಮೊದಲು ಈ ಎರಡು ಕಿಟಕಿಗಳನ್ನ ಮೊಬೈಲ್‌ನಲ್ಲಿ ಫೋಟೋ ಹೊಡೆದು ಇಟ್ಕೊಳ್ಳಿ. ಆಮೇಲೆ ಅಂಗಡಿಯವರು "ನಿಮ್ಮದು ಮೊದಲೇ ಡೂಪ್ಲಿಕೇಟ್ ಇತ್ತು" ಅಂದರೆ ತೋರಿಸೋಕೆ ನಿಮ್ಮ ಹತ್ತಿರ ಏನಾದರೂ ಇರುತ್ತದೆ.

ಈಗ ವಿಂಡೋಸ್ 7ರಿಂದ ಬಂದವರ ಕತೆ. 2015ರ ಜುಲೈ 29ಕ್ಕೆ ವಿಂಡೋಸ್ 10 ಬಂತು. ಒಂದು ವರ್ಷ, ಅಂದರೆ 2016ರ ಜುಲೈ 29ರವರೆಗೆ, ವಿಂಡೋಸ್ 7 ಮತ್ತು 8.1 ಇದ್ದವರಿಗೆ ಪುಕ್ಕಟೆ ಅಪ್‌ಗ್ರೇಡ್ ಅಂದರು. ಕಾಗದದ ಮೇಲೆ ಗಡುವು ಮುಗಿದರೂ ಆ ಬಾಗಿಲು ಪೂರ್ತಿ ಮುಚ್ಚಲಿಲ್ಲ. ವರ್ಷಗಟ್ಟಲೆ ಹಳೆ ವಿಂಡೋಸ್ 7ರ ಕೀ ಹಾಕಿದರೆ 10 ಆಕ್ಟಿವೇಟ್ ಆಗ್ತಾನೇ ಇತ್ತು. ರಿಪೇರಿ ಅಂಗಡಿಯವರೆಲ್ಲ ಇದೇ ರೂಢಿ ಇಟ್ಕೊಂಡಿದ್ದರು. 2023ರ ಸೆಪ್ಟೆಂಬರ್‌ನಲ್ಲಿ ಮೈಕ್ರೋಸಾಫ್ಟ್ ಆ ದಾರಿ ಬಂದ್ ಮಾಡಿತು. ಹಾಗಾಗಿ "ಮೂರು ವರ್ಷದ ಹಿಂದೆ ನಮ್ಮ ಅಣ್ಣನ ಕಂಪ್ಯೂಟರಿಗೆ ಇದೇ ಥರ ಮಾಡಿದ್ದರು, ಆಗಿತ್ತು" ಅನ್ನೋದು ಈಗ ನಡೆಯೋದಿಲ್ಲ. ಸುಳ್ಳು ಹೇಳ್ತಿಲ್ಲ ಅವರು, ಕಾಲ ಬದಲಾಗಿದೆ ಅಷ್ಟೇ.

ಒಂದು ಸಮಾಧಾನದ ವಿಷಯ ಇದೆ. ಯಂತ್ರ ಒಮ್ಮೆ ವಿಂಡೋಸ್ 10ಕ್ಕೆ ಸರಿಯಾಗಿ ಆಕ್ಟಿವೇಟ್ ಆಗಿದ್ದರೆ, ಅದರ ಗುರುತು ಸರ್ವರ್‌ನಲ್ಲಿ ಉಳಿದಿರುತ್ತದೆ. ಇದಕ್ಕೆ ಡಿಜಿಟಲ್ ಲೈಸೆನ್ಸ್ ಅಂತ ಹೆಸರು. ಅದೇ ಯಂತ್ರಕ್ಕೆ ಮತ್ತೆ ವಿಂಡೋಸ್ 10 ಹಾಕಿದರೂ, 11 ಹಾಕಿದರೂ ಕೀ ಕೇಳೋದಿಲ್ಲ. ಇನ್‌ಸ್ಟಾಲ್ ಮಾಡುವಾಗ "ನನ್ನ ಹತ್ತಿರ ಕೀ ಇಲ್ಲ" ಅಂತ ಮುಂದೆ ಹೋಗಿ ನೆಟ್‌ಗೆ ಜೋಡಿಸಿದರೆ ತಾನೇ ಆಕ್ಟಿವೇಟ್ ಆಗುತ್ತದೆ. ಇದಕ್ಕೆ ಒಂದೇ ಷರತ್ತು: ಆವೃತ್ತಿ ಅದೇ ಇರಬೇಕು.

ಈ ಷರತ್ತಿನಲ್ಲೇ ಬಹಳ ಜನ ಎಡವೋದು. ನಮ್ಮಲ್ಲಿ ಮಾರಾಟವಾಗುವ ಕಡಿಮೆ ಬೆಲೆಯ ಲ್ಯಾಪ್‌ಟಾಪ್‌ಗಳಲ್ಲಿ ಬಹಳಷ್ಟಕ್ಕೆ "ಹೋಮ್ ಸಿಂಗಲ್ ಲ್ಯಾಂಗ್ವೇಜ್" ಅನ್ನೋ ಆವೃತ್ತಿ ಬಂದಿರುತ್ತದೆ. ಅಂಗಡಿಯವರ ಪೆನ್‌ಡ್ರೈವ್‌ನಲ್ಲಿ ಇರೋದು "ಪ್ರೊ". ಪ್ರೊ ಅಂದರೆ ದೊಡ್ಡದು, ಒಳ್ಳೇದು ಅಂತ ಅದನ್ನೇ ಹಾಕಿಬಿಡ್ತಾರೆ. ಚಿಪ್‌ನೊಳಗಿನ ಕೀ ಹೋಮ್‌ನದು, ಹಾಕಿದ್ದು ಪ್ರೊ. ಹೊಂದಿಕೆ ಆಗೋದಿಲ್ಲ. ದುಡ್ಡು ಕೊಟ್ಟು ತಗೊಂಡ ಅಸಲಿ ಲೈಸೆನ್ಸ್ ಯಂತ್ರದ ಹೊಟ್ಟೆಯಲ್ಲೇ ಇದ್ದರೂ ಪರದೆ ಮೇಲೆ "ಆಕ್ಟಿವೇಟ್ ಮಾಡಿ" ಅಂತ ಬರುತ್ತಲೇ ಇರುತ್ತದೆ. ಅದನ್ನ ಅಡಗಿಸೋಕೆ ಮತ್ತೊಂದು ಕ್ರ್ಯಾಕ್! ಅಸಲಿ ಇದ್ದವರನ್ನ ನಕಲಿ ಮಾಡಿ ಕಳಿಸೋದು ಅಂದರೆ ಇದೇ. ಪರಿಹಾರ ಸರಳ: ಯಾವ ಆವೃತ್ತಿ ಬಂದಿತ್ತೋ ಅದನ್ನೇ ಹಾಕಿಸಿ. ಇನ್‌ಸ್ಟಾಲ್ ಫೈಲ್ ಮೈಕ್ರೋಸಾಫ್ಟ್ ಸೈಟ್‌ನಲ್ಲೇ ಪುಕ್ಕಟೆ ಸಿಗುತ್ತದೆ. ಲೈಸೆನ್ಸ್‌ಗೆ ದುಡ್ಡು, ಫೈಲ್‌ಗೆ ಅಲ್ಲ.

ಇದೇ ಜಾಗದಲ್ಲಿ ಇನ್ನೊಂದು ಗೊಂದಲ, 32 ಬಿಟ್ ಮತ್ತು 64 ಬಿಟ್. ಹಳೆ ಯಂತ್ರದಲ್ಲಿ 32 ಬಿಟ್ ವಿಂಡೋಸ್ ಇದ್ದರೆ ಅದರ ಮೇಲೆಯೇ 64 ಬಿಟ್‌ಗೆ ಅಪ್‌ಗ್ರೇಡ್ ಆಗೋದಿಲ್ಲ. ಪೂರ್ತಿ ಅಳಿಸಿಯೇ ಹಾಕಬೇಕು. ವಿಂಡೋಸ್ 11ರಲ್ಲಿ 32 ಬಿಟ್ ಅನ್ನೋದೇ ಇಲ್ಲ. ಪೂರ್ತಿ ಅಳಿಸೋದು ಅಂದಾಗ ಟ್ಯಾಲಿ, ಆಫೀಸ್ ಎಲ್ಲ ಹೋಗುತ್ತವೆ. ವಿಂಡೋಸ್ ಲೈಸೆನ್ಸ್ ಮಾತ್ರ ಉಳಿಯುತ್ತದೆ, ಯಾಕಂದರೆ ಅದು 32ಕ್ಕೂ 64ಕ್ಕೂ ಒಂದೇ.

ಎರರ್ ಕೋಡ್ ಬಂದರೆ ಗಾಬರಿ ಬೇಡ, ಕೊನೆಯ ನಾಲ್ಕು ಅಕ್ಷರ ನೋಡಿ ಸಾಕು. ಎಫ್211 ಅಂತ ಮುಗಿದರೆ ಬಿಡಿಭಾಗ ಬದಲಾಗಿದೆ ಅಂತ ಅರ್ಥ, ಹೆಚ್ಚಾಗಿ ಮದರ್‌ಬೋರ್ಡ್. 7001 ಅಂತ ಬಂದರೆ ಈ ಯಂತ್ರಕ್ಕೆ ಹೊಂದುವ ಲೈಸೆನ್ಸ್ ಸಿಗಲಿಲ್ಲ, ಈಗಷ್ಟೇ ಹೇಳಿದ ಹೋಮ್-ಪ್ರೊ ಗೊಂದಲದಲ್ಲಿ ಇದನ್ನ ಕಾಣಬಹುದು. ಸಿ008 ಅಂದರೆ ಆ ಕೀ ಈಗಾಗಲೇ ಬೇರೆ ಯಂತ್ರದಲ್ಲಿ ಬಳಕೆಯಾಗಿದೆ. ಸಿ003 ಅಂದರೆ ಕೀಯನ್ನೇ ತಡೆಹಿಡಿದಿದ್ದಾರೆ. ಇನ್ನು ಎಫ್074 ಅಂತ ಬಂದರೆ "ಆಕ್ಟಿವೇಶನ್ ಸರ್ವರ್ ಸಿಗ್ತಿಲ್ಲ" ಅಂತ. ಇದು ಮೈಕ್ರೋಸಾಫ್ಟ್ ಸರ್ವರ್ ಅಲ್ಲ, ಕಂಪನಿಯೊಳಗಿನ ಸರ್ವರ್. ರಾಣೆಬೆನ್ನೂರಿನ ನಿಮ್ಮ ಮನೆಯ ಕಂಪ್ಯೂಟರ್ ಯಾವುದೋ ಕಂಪನಿಯ ಸರ್ವರ್ ಹುಡುಕ್ತಾ ಇದೆ ಅಂದರೆ ಏನು ಅರ್ಥ? ಬನ್ನಿ, ಮೂರನೇ ಥರದ ಲೈಸೆನ್ಸ್‌ಗೆ ಬಂದ್ವಿ.

ದೊಡ್ಡ ಕಂಪನಿಯಲ್ಲಿ ನೂರಾರು ಕಂಪ್ಯೂಟರ್ ಇರುತ್ತವೆ. ಒಂದೊಂದಕ್ಕೂ ಕೀ ಹೊಡೆಯೋದು ಆಗದ ಕೆಲಸ. ಅದಕ್ಕೆ ಕಂಪನಿಯೊಳಗೇ ಒಂದು ಸರ್ವರ್ ಇಟ್ಟು, ಉಳಿದ ಯಂತ್ರಗಳೆಲ್ಲ ಅದರ ಹತ್ತಿರ ಹೋಗಿ ಹಾಜರಿ ಹಾಕುವ ವ್ಯವಸ್ಥೆ ಇದೆ. ಇದಕ್ಕೆ ಕೆಎಂಎಸ್ ಅಂತಾರೆ. ಒಂದು ಹಾಜರಿ 180 ದಿನಕ್ಕೆ ನಡೆಯುತ್ತದೆ, ಯಂತ್ರ ನಡುನಡುವೆ ಹೋಗಿ ಅದನ್ನ ನವೀಕರಿಸ್ತಾ ಇರುತ್ತದೆ. ಕನಿಷ್ಠ 25 ಕಂಪ್ಯೂಟರ್ ಇದ್ದರೆ ಮಾತ್ರ ವಿಂಡೋಸ್‌ಗೆ ಈ ಸರ್ವರ್ ಕೆಲಸ ಮಾಡುತ್ತದೆ. ಅಂಗಡಿಯವರ ಪೆನ್‌ಡ್ರೈವ್‌ನಲ್ಲಿರುವ "ಆಕ್ಟಿವೇಟರ್" ಬಹಳ ಸಲ ಮಾಡೋದು ಇಷ್ಟೇ: ನಿಮ್ಮ ಕಂಪ್ಯೂಟರಿನೊಳಗೇ ಒಂದು ಸುಳ್ಳು ಸರ್ವರ್ ಕೂರಿಸಿ, ಯಂತ್ರ ತನಗೆ ತಾನೇ ಹಾಜರಿ ಹಾಕಿಕೊಳ್ಳುವಂತೆ ಮಾಡೋದು. ಅಪ್‌ಗ್ರೇಡ್ ಆದಾಗ ಅಥವಾ ಆಂಟಿವೈರಸ್ ಆ ಸುಳ್ಳು ಸರ್ವರ್ ಕಿತ್ತು ಹಾಕಿದಾಗ ಹಾಜರಿ ತಪ್ಪುತ್ತದೆ. ಆರು ತಿಂಗಳಾದ ಮೇಲೆ ಮತ್ತೆ ಅದೇ ನೀರುಗುರುತು.

ಇದು ತಪ್ಪು, ಕಾನೂನು ಮೀರಿದ್ದು, ನಿಜ. ಅದನ್ನ ನಿಮಗೆ ಹೇಳಿಕೊಡೋ ಅಗತ್ಯ ಇಲ್ಲ. ನನಗೆ ಅದಕ್ಕಿಂತ ದೊಡ್ಡ ಚಿಂತೆ ಬೇರೆ. ಆ ಆಕ್ಟಿವೇಟರ್ ಓಡಿಸಬೇಕಾದರೆ "ಮೊದಲು ಆಂಟಿವೈರಸ್ ಬಂದ್ ಮಾಡಿ, ಅಡ್ಮಿನ್ ಆಗಿ ರನ್ ಮಾಡಿ" ಅಂತ ಹೇಳುತ್ತದೆ. ಬಾಗಿಲು ತೆಗೆದು, ಕಾವಲು ನಾಯಿ ಕಟ್ಟಿಹಾಕಿ, ತಿಜೋರಿ ಕೀಲಿಯನ್ನೂ ಕೊಟ್ಟಂಗಾಯ್ತು. 2021ರ ಡಿಸೆಂಬರ್‌ನಲ್ಲಿ ರೆಡ್ ಕ್ಯಾನರಿ ಅನ್ನೋ ಸೈಬರ್ ಭದ್ರತಾ ಸಂಸ್ಥೆ ಒಂದು ವರದಿ ಕೊಟ್ಟಿತ್ತು. ಕೆಎಂಎಸ್‌ಪಿಕೋ ಅನ್ನೋ ಹೆಸರಾದ ಆಕ್ಟಿವೇಟರಿನ ಇನ್‌ಸ್ಟಾಲರ್ ಒಳಗೆ ಕ್ರಿಪ್ಟ್‌ಬಾಟ್ ಅನ್ನೋ ಕಳ್ಳ ಪ್ರೋಗ್ರಾಂ ಸೇರಿಸಿ ಹಂಚುತ್ತಿದ್ದರು. ಬ್ರೌಸರ್‌ನಲ್ಲಿ ಉಳಿಸಿಟ್ಟ ಪಾಸ್‌ವರ್ಡ್, ಕ್ರಿಪ್ಟೋ ವಾಲೆಟ್ ಇಂಥವನ್ನ ಕದಿಯೋದು ಅದರ ಕೆಲಸ. ಮನೆಯ ಕಂಪ್ಯೂಟರಿನಲ್ಲಿ ಸಿನಿಮಾ ನೋಡೋರಿಗೆ ಇದು ಸಣ್ಣದು ಅನ್ನಿಸಬಹುದು. ಆದರೆ ಅದೇ ಯಂತ್ರದಲ್ಲಿ ಜಿಎಸ್‌ಟಿ ಲಾಗಿನ್, ನೆಟ್ ಬ್ಯಾಂಕಿಂಗ್, ಇ-ಟೆಂಡರ್ ಲಾಗಿನ್ ಇದ್ದರೆ?

ಆನ್‌ಲೈನ್‌ನಲ್ಲಿ ಕೆಲವು ನೂರು ರೂಪಾಯಿಗೆ ಸಿಗುವ "ಲೈಫ್‌ಟೈಮ್ ಕೀ" ಬಗ್ಗೆಯೂ ಕೇಳ್ತೀರಿ. ಅವು ಬಹಳ ಸಲ ಯಾವುದೋ ಸಂಸ್ಥೆಯ ಸಗಟು ಕೀ. ಒಂದು ಕೀಗೆ ಇಷ್ಟೇ ಸಲ ಅಂತ ಎಣಿಕೆ ಇರುತ್ತದೆ. ಇವತ್ತು ಆಕ್ಟಿವೇಟ್ ಆಗುತ್ತದೆ, ಮುಂದೊಂದು ದಿನ ಆ ಕೀ ತಡೆಹಿಡಿದರೆ ಸಿ003. ಮಾರಿದವನ ಅಂಗಡಿ ಪುಟ ಅಷ್ಟೊತ್ತಿಗೆ ಮಾಯ. ನನ್ನನ್ನ ಕೇಳಿದರೆ ಆ ದುಡ್ಡಲ್ಲಿ ಒಂದು ಪೆನ್‌ಡ್ರೈವ್ ತಗೊಂಡು ಬ್ಯಾಕಪ್ ಮಾಡಿ.

ಈಗ ಬ್ಯಾಡಗಿಗೆ ಹೋಗೋಣ.

ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆ ನಿಮಗೆ ಗೊತ್ತು. ಖಾರ ಕಮ್ಮಿ, ಬಣ್ಣ ಜಾಸ್ತಿ ಇರೋ ಡಬ್ಬಿ, ಕಡ್ಡಿ ಮೆಣಸಿನಕಾಯಿ. 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿದ್ದು. ಸೋಮವಾರ, ಗುರುವಾರ ಮಾರುಕಟ್ಟೆ ದಿನ. ಸುಗ್ಗಿಯಲ್ಲಿ ಲಾರಿ ಮೇಲೆ ಲಾರಿ ಚೀಲ ಬರುತ್ತವೆ, ಇ-ಟೆಂಡರ್‌ನಲ್ಲಿ ದರ ತೀರ್ಮಾನ ಆಗುತ್ತದೆ, ಅವತ್ತೇ ರೈತನಿಗೆ ಲೆಕ್ಕ ಚೀಟಿ ಹೋಗಬೇಕು. ಅಂಥ ಯಾರ್ಡಿನ ಒಂದು ದಲಾಲಿ ಅಂಗಡಿ ಅಂದ್ಕೊಳ್ಳಿ. ಎಂಟು-ಹತ್ತು ವರ್ಷದ ಕಂಪ್ಯೂಟರ್, ಅದರಲ್ಲಿ ಟ್ಯಾಲಿ. ಭಾನುವಾರ ಬಿಡುವಿದೆ ಅಂತ ಮಗ ಯಂತ್ರವನ್ನ ಅಂಗಡಿಗೆ ಒಯ್ದು ಹೊಸ ವಿಂಡೋಸ್ ಹಾಕಿಸಿದ. ಸೋಮವಾರ ಬೆಳಗ್ಗೆ ಟ್ಯಾಲಿ ತೆಗೆದರೆ ಎಜುಕೇಶನಲ್ ಮೋಡ್.

ಬಿಕಾಂ ಮಾಡಿದವರಿಗೆ ಎಜುಕೇಶನಲ್ ಮೋಡ್ ಅಂದರೆ ನಗು ಬರುತ್ತದೆ. ಕಾಲೇಜು ಲ್ಯಾಬ್‌ನಲ್ಲಿ ನಾವೆಲ್ಲ ಕಲಿತದ್ದು ಅದರಲ್ಲೇ. ತಿಂಗಳ 1, 2 ಮತ್ತು 31ನೇ ತಾರೀಖಿಗೆ ಮಾತ್ರ ವೋಚರ್ ಎಂಟ್ರಿ ಹಾಕೋಕೆ ಬಿಡುತ್ತದೆ. ನಮ್ಮ ಪ್ರಾಕ್ಟಿಕಲ್ ಬುಕ್‌ನಲ್ಲಿ ಎಲ್ಲ ವ್ಯಾಪಾರವೂ ಒಂದನೇ ತಾರೀಖು ನಡೆದದ್ದೇ! ಆದರೆ ಮಾರುಕಟ್ಟೆ ದಿನ 16ನೇ ತಾರೀಖು ಬಂದಿದ್ದರೆ, ಅಂಗಡಿಯ ಲೆಕ್ಕ ನಿಂತಿತು ಅಂತಲೇ ಅರ್ಥ.

ಯಾಕೆ ಹೀಗಾಯ್ತು? ಟ್ಯಾಲಿಯ ಲೈಸೆನ್ಸ್ ವಿಂಡೋಸ್‌ನ ಲೈಸೆನ್ಸ್‌ಗಿಂತ ಬೇರೆ, ಅದರ ಸರ್ವರ್ ಬೇರೆ. ಒಂದು ಸೀರಿಯಲ್ ನಂಬರ್ ಇರುತ್ತದೆ, ಅದನ್ನ ಒಂದು ಯಂತ್ರಕ್ಕೆ ಕಟ್ಟಿರುತ್ತಾರೆ. ಸಿ ಡ್ರೈವ್ ಅಳಿಸಿ ಹೊಸ ವಿಂಡೋಸ್ ಹಾಕಿದಾಗ ಲೈಸೆನ್ಸ್ ಫೈಲ್ ಅಳಿಸಿ ಹೋಗುತ್ತದೆ. ಪೂರ್ತಿ ಅಳಿಸದೆ ಮೇಲಿಂದ ಅಪ್‌ಗ್ರೇಡ್ ಮಾಡಿದರೂ ಕೆಲವು ಸಲ ಇದು ಬೇರೆ ಯಂತ್ರ ಅಂತ ಟ್ಯಾಲಿಗೆ ಅನ್ನಿಸಬಹುದು. ಸರ್ವರ್‌ನಲ್ಲಿ ಮಾತ್ರ "ಈ ಸೀರಿಯಲ್ ಹಳೆ ಯಂತ್ರದಲ್ಲಿ ಓಡ್ತಿದೆ" ಅಂತಲೇ ಇರುತ್ತದೆ. ಅದಕ್ಕೇ ಟ್ಯಾಲಿಯಲ್ಲಿ "ಸರೆಂಡರ್ ಲೈಸೆನ್ಸ್" ಅನ್ನೋ ಆಯ್ಕೆ ಇರೋದು. ಅಪ್‌ಗ್ರೇಡ್‌ಗೆ ಮೊದಲು ನೆಟ್ ಇದ್ದಾಗ ಸರೆಂಡರ್ ಮಾಡಿದರೆ ಲೈಸೆನ್ಸ್ ಸರ್ವರ್‌ಗೆ ವಾಪಸ್ ಹೋಗಿ ಕೂತಿರುತ್ತದೆ. ಹೊಸ ವಿಂಡೋಸ್ ಆದ ಮೇಲೆ ಮತ್ತೆ ಕರೆಸಿಕೊಳ್ಳಬಹುದು. ಬಾಡಿಗೆ ಮನೆ ಬಿಡುವಾಗ ಕೀಲಿ ಕೊಟ್ಟು ಹೋಗೋ ಥರ.

ಸರೆಂಡರ್ ಮಾಡದೇ ಅಳಿಸಿದರೆ ಎಲ್ಲ ಮುಗೀತು ಅಂತಲ್ಲ. ಟ್ಯಾಲಿ ಪ್ರೈಮ್‌ನಲ್ಲಿ ಇರುವ ಲೈಸೆನ್ಸನ್ನೇ ಮರುಬಳಕೆ ಮಾಡೋ ದಾರಿ ಇದೆ. ಸೀರಿಯಲ್ ನಂಬರ್ ಬೇಕು, ಲೈಸೆನ್ಸ್ ತಗೊಂಡಾಗ ಕೊಟ್ಟ ಈಮೇಲ್ ಬೇಕು, ಅದರ ಪಾಸ್‌ವರ್ಡ್ ಬೇಕು. ಕಷ್ಟ ಇರೋದು ಇಲ್ಲೇ. ಹತ್ತು ವರ್ಷದ ಹಿಂದೆ ಟ್ಯಾಲಿ ಹಾಕಿಕೊಟ್ಟವರು ಅಂಗಡಿಯವರ ಈಮೇಲ್ ಕೇಳಿದಾಗ "ನಮಗ ಈಮೇಲ್ ಎಲ್ಲಿದ್ರಿ, ನಿಮ್ಮದೇ ಹಾಕ್ರಿ" ಅಂದಿರ್ತಾರೆ. ಆ ಹುಡುಗ ಈಗ ಬೆಂಗಳೂರಲ್ಲೋ ದುಬೈಯಲ್ಲೋ. ಓಟಿಪಿ, ಪಾಸ್‌ವರ್ಡ್ ಎಲ್ಲ ಅವನಿಗೆ. ಲೈಸೆನ್ಸ್‌ಗೆ ದುಡ್ಡು ಕೊಟ್ಟವರು ಇವರು, ಕೀಲಿ ಅವನ ಕೈಯಲ್ಲಿ. ಆದ್ದರಿಂದ ಕಂಪ್ಯೂಟರ್ ಇನ್ನೂ ಚೆನ್ನಾಗಿ ಓಡ್ತಿರುವಾಗಲೇ ಟ್ಯಾಲಿಯ ಲೈಸೆನ್ಸ್ ಪರದೆ ತೆಗೆದು, ಅದರಲ್ಲಿ ಯಾರ ಈಮೇಲ್ ಇದೆ ಅಂತ ನೋಡಿ. ನಿಮ್ಮ ಮನೆಯವರದ್ದು ಅಲ್ಲದಿದ್ದರೆ ಖರೀದಿ ಬಿಲ್ ಹುಡುಕಿಟ್ಟು ಈಗಲೇ ಬದಲಾಯಿಸೋಕೆ ಶುರು ಮಾಡಿ. ಸುಗ್ಗಿಯಲ್ಲಿ ಆಗೋ ಕೆಲಸ ಅಲ್ಲ ಇದು.

ಇನ್ನೊಂದು ಮಾತು ಗಟ್ಟಿಯಾಗಿ ಹೇಳ್ತೀನಿ. ಲೈಸೆನ್ಸ್ ಹೋದರೆ ವಾಪಸ್ ಬರುತ್ತದೆ, ಡೇಟಾ ಹೋದರೆ ಬರೋದಿಲ್ಲ. ಟ್ಯಾಲಿಯ ಡೇಟಾ ಸಾಮಾನ್ಯವಾಗಿ ಸಿ ಡ್ರೈವ್‌ನಲ್ಲೇ ಇರುತ್ತದೆ. ಐದಾರು ಅಂಕಿಯ ಹೆಸರಿನ ಫೋಲ್ಡರ್, ಹಳೆ ಆವೃತ್ತಿಯಲ್ಲಿ 10000, 10001 ಹೀಗೆ. ಫೋಲ್ಡರಿಗೆ ಅಂಗಡಿ ಹೆಸರು ಇರೋದಿಲ್ಲ, ಹಾಗಾಗಿ ಬ್ಯಾಕಪ್ ಮಾಡೋ ಹುಡುಗ "ಡಾಕ್ಯುಮೆಂಟ್ಸ್, ಡೆಸ್ಕ್‌ಟಾಪ್ ಎಲ್ಲ ತೆಗೆದಿದೀನ್ರಿ" ಅಂತಾನೆ, ಇದನ್ನ ಬಿಟ್ಟಿರ್ತಾನೆ. ನೀವೇ ಟ್ಯಾಲಿಯೊಳಗಿಂದ ಬ್ಯಾಕಪ್ ತೆಗೆದು, ಡೇಟಾ ಫೋಲ್ಡರನ್ನೂ ನಕಲು ಮಾಡಿ, ಇನ್ನೊಂದು ಕಂಪ್ಯೂಟರಿನಲ್ಲಿ ಎಜುಕೇಶನಲ್ ಮೋಡ್‌ನಲ್ಲೇ ತೆರೆದು ನೋಡಿ. ತೆರೆದರೆ ಬ್ಯಾಕಪ್, ತೆರೆಯದಿದ್ದರೆ ಅದು ಬರೀ ಫೈಲ್. ಮಾಡೋ ದಿನವನ್ನೂ ನೋಡ್ಕೊಳ್ಳಿ: ತಿಂಗಳ 11ಕ್ಕೆ ಜಿಎಸ್‌ಟಿಆರ್-1, 20ಕ್ಕೆ 3ಬಿ ಇರೋ ಅಂಗಡಿಯಲ್ಲಿ 9ನೇ ತಾರೀಖಿಗೆ ಅಪ್‌ಗ್ರೇಡ್ ಮಾಡೋದು ಸಾಹಸ. ಮಾರ್ಚ್ ಕೊನೆಯಲ್ಲಿ ಅಂತೂ ಬೇಡವೇ ಬೇಡ. ಹಳೆ ಟ್ಯಾಲಿ ಇಆರ್‌ಪಿ 9ರಿಂದ ಪ್ರೈಮ್‌ಗೆ ಹೋಗೋರು ಗಮನಿಸಿ, ಪ್ರೈಮ್‌ಗೆ 64 ಬಿಟ್ ವಿಂಡೋಸ್ ಬೇಕು.

ಆಫೀಸ್ ವಿಷಯ ಬೇಗ ಮುಗಿಸ್ತೀನಿ, ಯಾಕಂದರೆ ರೋಗ ಅದೇ. ಲ್ಯಾಪ್‌ಟಾಪ್ ಜೊತೆ ಬಂದ ಆಫೀಸ್ ಮೊದಲ ಸಲ ತೆರೆದಾಗ ಯಾವ ಮೈಕ್ರೋಸಾಫ್ಟ್ ಅಕೌಂಟ್ ಕೊಟ್ಟರೋ ಅದಕ್ಕೆ ಅಂಟಿಕೊಳ್ಳುತ್ತದೆ. ಶೋರೂಮ್‌ನವರು ಅವತ್ತು ಸಟಕ್ಕನೆ ಒಂದು ಔಟ್‌ಲುಕ್ ಐಡಿ ಮಾಡಿ, ಪಾಸ್‌ವರ್ಡ್ ಚೀಟಿಯಲ್ಲಿ ಬರೆದು ಬಿಲ್ ಹಿಂದೆ ಪಿನ್ ಹೊಡೆದಿರ್ತಾರೆ. ಆ ಚೀಟಿ ಹುಡುಕಿ.

ಆ ಚೀಟಿ ಇನ್ನೊಂದು ಕಾರಣಕ್ಕೂ ಬೇಕು, ಇದು ನಿಜಕ್ಕೂ ಅಪಾಯದ ವಿಷಯ. ಈಚಿನ ಲ್ಯಾಪ್‌ಟಾಪ್‌ಗಳಲ್ಲಿ ಮೈಕ್ರೋಸಾಫ್ಟ್ ಅಕೌಂಟ್ ಹಾಕಿದ ತಕ್ಷಣ ಡಿಸ್ಕ್ ತಾನಾಗೇ ಎನ್‌ಕ್ರಿಪ್ಟ್ ಆಗಬಹುದು. ಅದರ ಹೆಸರು ಬಿಟ್‌ಲಾಕರ್. ಬಯಾಸ್ ಅಪ್‌ಡೇಟ್ ಆದಾಗ, ಸೆಕ್ಯೂರ್ ಬೂಟ್ ಆನ್-ಆಫ್ ಮಾಡಿದಾಗ, ಮದರ್‌ಬೋರ್ಡ್ ಬದಲಿಸಿದಾಗ ನೀಲಿ ಪರದೆ ಬಂದು 48 ಅಂಕಿಯ ರಿಕವರಿ ಕೀ ಕೇಳಬಹುದು. ಅದು ಇರೋದು ಆ ಅಕೌಂಟ್‌ನೊಳಗೆ. ಅಕೌಂಟ್ ಯಾರದೋ, ಪಾಸ್‌ವರ್ಡ್ ಎಲ್ಲೋ ಅಂದರೆ ಡಿಸ್ಕ್ ಚೆನ್ನಾಗಿದ್ದೂ ಫೋಟೋ, ಲೆಕ್ಕ, ಪ್ರಾಜೆಕ್ಟ್ ಯಾವುದೂ ಸಿಗೋದಿಲ್ಲ. ವಿಂಡೋಸ್ ಆಕ್ಟಿವೇಟ್ ಆಗದಿದ್ದರೆ ಒಂದು ನೀರುಗುರುತು, ವಾಲ್‌ಪೇಪರ್ ಬದಲಿಸೋಕೆ ಬರೋದಿಲ್ಲ, ಅಷ್ಟೇ. ಯಂತ್ರ ಓಡುತ್ತದೆ, ಭದ್ರತಾ ಅಪ್‌ಡೇಟ್‌ಗಳೂ ಬರುತ್ತವೆ. ಬಿಟ್‌ಲಾಕರ್ ಹಾಗಲ್ಲ. ಅಪ್‌ಗ್ರೇಡ್‌ಗೆ ಮೊದಲು ಆ 48 ಅಂಕಿಗಳನ್ನ ಕಾಗದದ ಮೇಲೆ ಬರೆದಿಡಿ.

ಅಂದಹಾಗೆ, ನಿಮ್ಮ ಯಂತ್ರ ವಿಂಡೋಸ್ 11ಕ್ಕೆ ಹೋಗುತ್ತದಾ ಅನ್ನೋದೇ ಮೊದಲು ನೋಡಬೇಕು. ಟಿಪಿಎಂ 2.0 ಚಿಪ್, ಸೆಕ್ಯೂರ್ ಬೂಟ್, 4 ಜಿಬಿ ರ್‍ಯಾಮ್, 64 ಜಿಬಿ ಜಾಗ, ಇಂಟೆಲ್ ಆದರೆ ಹೆಚ್ಚುಕಡಿಮೆ 8ನೇ ತಲೆಮಾರಿನ ಪ್ರೊಸೆಸರ್ ಅಥವಾ ಅದಕ್ಕಿಂತ ಹೊಸದು. 2017ಕ್ಕಿಂತ ಹಳೆ ಯಂತ್ರ ಹೆಚ್ಚಾಗಿ ಇಲ್ಲೇ ಫೇಲ್. ತಪಾಸಣೆ ತಪ್ಪಿಸಿ 11 ಹಾಕಿಕೊಡ್ತೀವಿ ಅಂತಾರೆ, ಹಾಕಲೂಬಹುದು, ಆದರೆ ಅಂಥ ಯಂತ್ರಕ್ಕೆ ಅಪ್‌ಡೇಟ್ ಕೊಡುವ ಖಾತ್ರಿ ಇಲ್ಲ ಅಂತ ಮೈಕ್ರೋಸಾಫ್ಟೇ ಹೇಳಿದೆ. ಲೆಕ್ಕ ಬರೆಯುವ ಯಂತ್ರಕ್ಕೆ ನಾನಂತೂ ಹಾಗೆ ಮಾಡೋದಿಲ್ಲ. ಅದರ ಬದಲು ವಿಂಡೋಸ್ 10ರಲ್ಲೇ ಇದ್ದು, 2026ರ ಅಕ್ಟೋಬರ್ 13ರವರೆಗೆ ಭದ್ರತಾ ಅಪ್‌ಡೇಟ್ ಪಡೆಯೋ ಯೋಜನೆ ಇದೆ. ವಿಂಡೋಸ್ 10ರ 22ಎಚ್2 ಆವೃತ್ತಿ ಇರಬೇಕು. ಮೈಕ್ರೋಸಾಫ್ಟ್ ಅಕೌಂಟ್‌ನಿಂದ ಸೆಟ್ಟಿಂಗ್ಸ್ ಬ್ಯಾಕಪ್ ಮಾಡಿದರೆ ಪುಕ್ಕಟೆ, ಇಲ್ಲದಿದ್ದರೆ 30 ಡಾಲರ್‌ನಷ್ಟು ಒಂದೇ ಸಲ ಕಟ್ಟಬೇಕು. ಅಪ್‌ಡೇಟ್ ಪುಟದಲ್ಲೇ ನೋಂದಣಿ ಲಿಂಕ್ ಇರುತ್ತದೆ. ಯಾವ ಅಂಗಡಿಗೂ ಹೋಗಬೇಕಿಲ್ಲ. ಬರೀ ನೆಟ್, ಯೂಟ್ಯೂಬ್, ಕಾಲೇಜು ಅಸೈನ್‌ಮೆಂಟ್‌ಗೆ ಬಳಸೋ ಯಂತ್ರವಾದರೆ ಲಿನಕ್ಸ್ ಹಾಕಿ ನೋಡಿ. ಉಬುಂಟು, ಮಿಂಟ್ ಯಾವುದಾದರೂ. ಅಲ್ಲಿ ಆಕ್ಟಿವೇಶನ್ ಅನ್ನೋ ಶಬ್ದವೇ ಇಲ್ಲ. ಟ್ಯಾಲಿಗೆ ಮಾತ್ರ ಅದು ಆಗೋದಿಲ್ಲ.

ಕೊನೆಗೆ ಹಾವೇರಿಯ ಡಿಟಿಪಿ ಅಂಗಡಿಗಳು. ಅರ್ಜಿ, ಕರಾರು ಪತ್ರ, ಲಗ್ನ ಪತ್ರಿಕೆ, ಜಾತ್ರೆ ಬ್ಯಾನರ್ ಎಲ್ಲ ಅಲ್ಲೇ. ನುಡಿ ತಂತ್ರಾಂಶಕ್ಕೆ ಆಕ್ಟಿವೇಶನ್ ಕಾಟ ಇಲ್ಲ, ಪುಕ್ಕಟೆ ಸಿಗುತ್ತದೆ. ಹಳೆ ಫಾಂಟ್‌ಗಳನ್ನ ಮಾತ್ರ ನಕಲು ಮಾಡಿಟ್ಕೊಳ್ಳಬೇಕು, ಇಲ್ಲದಿದ್ದರೆ ಹತ್ತು ವರ್ಷದ ಕರಾರು ಪತ್ರಗಳು ಇಂಗ್ಲಿಷ್ ಅಕ್ಷರಗಳ ಕಿಚಡಿಯಾಗಿ ಕಾಣುತ್ತವೆ. ಕಷ್ಟ ಇರೋದು ಬೇರೆ ಕಡೆ. ಪೇಜ್‌ಮೇಕರ್ 7 ಬಂದದ್ದು 2001ರಲ್ಲಿ, ಅಡೋಬಿ ಅದರ ಕೈಬಿಟ್ಟು ಎರಡು ದಶಕವೇ ಆಗಿದೆ. ಫೋಟೋಶಾಪ್ ಸಿಎಸ್2 ಇನ್ನೂ ವಿಚಿತ್ರ. ಅದರ ಆಕ್ಟಿವೇಶನ್ ಸರ್ವರನ್ನೇ ಅಡೋಬಿ 2012ರ ಕೊನೆಗೆ, 2013ರ ಆರಂಭದ ಹೊತ್ತಿಗೆ ಬಂದ್ ಮಾಡಿತು. ದುಡ್ಡು ಕೊಟ್ಟು ತಗೊಂಡವರಿಗಾಗಿ ಆಕ್ಟಿವೇಶನ್ ಬೇಡದ ಇನ್ನೊಂದು ಪ್ರತಿ ಕೊಟ್ಟರು. ಆದರೆ ಅದು ಗೊತ್ತಿಲ್ಲದೆ ಹಳೆ ಸಿಡಿಯಿಂದ ಹಾಕಿದರೆ ಇಲ್ಲದ ಸರ್ವರನ್ನ ಹುಡುಕ್ತಾ ಕೂರುತ್ತದೆ. ಲೈಸೆನ್ಸ್ ನಿಮ್ಮದೇ, ಕೇಳೋರೇ ಇಲ್ಲ.

ಶ್ರೀಲಿಪಿಯಂಥ ತಂತ್ರಾಂಶಗಳು ಡಾಂಗಲ್ ಜೊತೆ ಬರುತ್ತಿದ್ದವು. ಹಿಂದೆ ಚುಚ್ಚುವ ಒಂದು ಸಣ್ಣ ಗಟ್ಟಿ, ಅದಿದ್ದರೆ ಮಾತ್ರ ಪ್ರೋಗ್ರಾಂ ತೆಗೆಯುತ್ತದೆ. ಒಂದು ಲೆಕ್ಕದಲ್ಲಿ ಇದು ಒಳ್ಳೇದು, ಸರ್ವರ್, ಈಮೇಲ್, ಪಾಸ್‌ವರ್ಡ್ ಯಾವುದೂ ಬೇಡ. ಆದರೆ ಆ ಗಟ್ಟಿಯನ್ನ ಓದೋಕೆ ಡ್ರೈವರ್ ಬೇಕು, ಹಳೆ 32 ಬಿಟ್ ಡ್ರೈವರ್ 64 ಬಿಟ್ ವಿಂಡೋಸ್‌ನಲ್ಲಿ ಕೂರೋದಿಲ್ಲ. ಪ್ರಿಂಟರ್ ಪೋರ್ಟಿಗೆ ಚುಚ್ಚುವ ಕಾಲದ್ದಾದರೆ ಹೊಸ ಯಂತ್ರದಲ್ಲಿ ತೂತೇ ಇಲ್ಲ! ತಯಾರಕರ ಹತ್ತಿರ ಹೊಸ ಡ್ರೈವರ್ ಇದ್ದರೆ ಸರಿ. ಇಲ್ಲದಿದ್ದರೆ ಅಂಥ ಯಂತ್ರವನ್ನ ಅಪ್‌ಗ್ರೇಡ್ ಮಾಡಲೇಬೇಡಿ. ನೆಟ್ ವೈರ್ ತೆಗೆದುಬಿಡಿ, ವೈಫೈ ಬಂದ್ ಮಾಡಿ, ಬರೀ ಟೈಪಿಂಗ್ ಮತ್ತು ಪ್ರಿಂಟ್‌ಗೆ ಇಟ್ಕೊಳ್ಳಿ. ಫೈಲ್ ಸಾಗಿಸೋಕೆ ಒಂದು ಪೆನ್‌ಡ್ರೈವ್ ಬೇರೆಯೇ ಇರಲಿ, ಗಿರಾಕಿಗಳ ಪೆನ್‌ಡ್ರೈವ್ ಅದಕ್ಕೆ ಚುಚ್ಚಬೇಡಿ. ಗಿರಾಕಿ ವಾಟ್ಸಾಪ್‌ನಲ್ಲಿ ಕಳಿಸಿದ್ದನ್ನ ಪಕ್ಕದ ಹೊಸ ಯಂತ್ರದಲ್ಲಿ ತೆಗೆದು, ವೈರಸ್ ನೋಡಿ, ಆಮೇಲೆ ಇದಕ್ಕೆ ತನ್ನಿ.